ಏಡಿ ಮೆದುಳಿಂದ ನ್ಯೂರೋಪೆಪ್ಟೈಡ್ ತೆಗೆಯೋಕೆ ಹೋದೆ, ಮಾಲ್ಡಿಲಿ ಬರೀ ಕಸ ಬಂತು. ಎಲ್ಲಿ ಎಡವಿದೆ?

ಹಳ್ಳದ_ಏಡಿ, ಹಾಸನ

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಝೂಆಲಜಿ ಎಂಎಸ್ಸಿ, ಕೊನೇ ಸೆಮಿಸ್ಟರ್. ಗದ್ದೆ ಏಡಿ ನರಮಂಡಲದಿಂದ ನ್ಯೂರೋಪೆಪ್ಟೈಡ್ (ನರಕೋಶಗಳು ಸಂದೇಶ ಕಳಿಸೋಕೆ ಬಳಸೋ ಅಮೈನೋ ಆಮ್ಲದ ಸರಪಳಿ) ಬೇರ್ಪಡಿಸಿ ಯಾವ್ಯಾವುದು ಅಂತ ಗುರುತಿಸೋದು ನನ್ನ ಪ್ರಾಜೆಕ್ಟು. ನಾನೇ ಆಸೆಪಟ್ಟು ತಗೊಂಡಿದ್ದು. ಗೈಡ್ ಮೊದಲೇ ಹೇಳಿದ್ರು, ಬೇಡ ಕಣೋ ಕೆರೆ ಪ್ಲಾಂಕ್ಟನ್ ಎಣಿಸು ಅಂತ. ಕೇಳಲಿಲ್ಲ, ಈಗ ಅನುಭವಿಸ್ತಿದೀನಿ.

ಆಗಿದ್ದು ಏನಂದ್ರೆ, ಮೊದಲ ಮಳೆ ಬಿದ್ದ ವಾರ ಸಕಲೇಶಪುರದ ಹತ್ರ ಮಾವನ ಗದ್ದೆ ಬದುವಲ್ಲಿ ರಾತ್ರಿ ಬ್ಯಾಟರಿ ಹಿಡ್ಕೊಂಡು 14 ಏಡಿ ಹಿಡಿದ್ವಿ, ಬಕೆಟಲ್ಲಿ ಹಾಕ್ಕೊಂಡು ಬಸ್ಸಲ್ಲಿ ಹಾಸನಕ್ಕೆ ತಂದೆ, ದಾರೀಲಿ 2 ಸತ್ತೋದ್ವು, ಅವನ್ನೂ ಬಿಡದೆ ಉಪಯೋಗಿಸ್ದೆ. ಲ್ಯಾಬಲ್ಲಿ ಇರೋದು ಒಂದೇ ಸ್ಟೀರಿಯೋ ಮೈಕ್ರೋಸ್ಕೋಪು, ಅದಕ್ಕೂ ಕ್ಯೂ. ಬೆಳಿಗ್ಗೆ 11ಕ್ಕೆ ಶುರು ಮಾಡಿದ್ದು ಸಂಜೆ ತನಕ ಆಯ್ತು. ಮೆದುಳು, ಎದೆ ಭಾಗದ ಗ್ಯಾಂಗ್ಲಿಯಾನ್ (ನರದ ಗಂಟು) ಎರಡೂ ತೆಗೆದು ಸಲೈನಲ್ಲಿ ಹಾಕಿಟ್ಟೆ (ಒಂದು ಸಮುದ್ರ ಏಡಿ ಪೇಪರಲ್ಲಿದ್ದ ಸಲೈನೇ, ಸೋಡಿಯಂ ಕ್ಲೋರೈಡ್ 440 ಮಿಲಿಮೋಲಾರ್), ಆಮೇಲೆ ಫಾಸ್ಫೇಟ್ ಬಫರಲ್ಲಿ ಅರೆದು ಮೈನಸ್ 20ರಲ್ಲಿ ಇಟ್ಟೆ. ಮುಂದಿನ ವಾರ ಸ್ಪಿನ್ ಮಾಡಿ ಮೇಲಿನ ದ್ರವ ಥರ್ಮಾಸ್ ಫ್ಲಾಸ್ಕಲ್ಲಿ ಐಸ್ ಹಾಕ್ಕೊಂಡು ಬೆಂಗಳೂರಿಗೆ ತಗೊಂಡೋದೆ.

ಮಾಲ್ಡಿಯಲ್ಲಿ (ಅಣುಗಳ ತೂಕ ನೋಡೋ ಮಾಸ್ ಸ್ಪೆಕ್ ಮಿಷಿನ್) 700ರಿಂದ 3000 ಡಾಲ್ಟನ್ ತನಕ ಬೇಲಿ ಹಾಕ್ದಂಗೆ ಪೀಕು. ಒಂದೂ ನಾನು ಕಾಯ್ತಿದ್ದಿದ್ದು ಅಲ್ಲ. 1517ರ ಹತ್ರ ಒಂದು ಸಣ್ಣ ಪೀಕಿದೆ, ಫ್ರೆಂಡು ಅದು ಆರ್ಕೋಕೈನಿನ್ ಅನ್ನೋ ನ್ಯೂರೋಪೆಪ್ಟೈಡೇ, ಬರ್ಕೊಂಡ್ಬಿಡು ಅಂತಾನೆ. ಬರೀಬೋದಾ? ತಪ್ಪಾಗಿದ್ದೆಲ್ಲಿ? ಇನ್ನೊಂದು ಸಲ ಏಡಿ ಹಿಡಿಯೋಕೆ ಮಾವ ರೆಡಿ ಇದಾರೆ, ಬೆಂಗಳೂರಿಗೆ ಕಟ್ಟೋಕೆ ದುಡ್ಡು ಮಾತ್ರ ಒಂದೇ ಸಲಕ್ಕಾಗೋಷ್ಟು ಇರೋದು. ಹಾಸನದಲ್ಲೇ ಕೂತು ಮಾಡಬೋದಾದ್ದು ಏನಾದ್ರೂ ಇದ್ರೆ ಅದನ್ನೂ ಹೇಳಿ.

ಮೂಡಿಗೆರೆ_ಮಳೆ

ತಮ್ಮಾ, ಓದ್ತಾ ಓದ್ತಾ ನನ್ನ ಪಿಎಚ್‌ಡಿ ಮೊದಲನೇ ವರ್ಷ ನೆನಪಾಯ್ತು, ಇದೇ ತಪ್ಪು ಒಂದೊಂದಾಗಿ ನಾನೂ ಮಾಡಿದೀನಿ. ಮಿಷಿನ್ ಮೇಲೆ ಅನುಮಾನ ಪಡ್ಬೇಡ. ನಿನ್ನ ಸ್ಯಾಂಪಲ್ ಹಾಳಾಗಿದ್ದು ಬೆಂಗಳೂರಲ್ಲಲ್ಲ, ನಿನ್ನ ಟೇಬಲ್ ಮೇಲೆ, ಕತ್ತರಿ ಹಾಕಿದ ಮೊದಲ ಐದು ನಿಮಿಷದಲ್ಲಿ.

ಪೆಪ್ಟೈಡು ನರಕೋಶದೊಳಗೆ ಸಣ್ಣ ಸಣ್ಣ ಚೀಲದಲ್ಲಿ ಭದ್ರವಾಗಿರುತ್ತೆ, ಕೋಶ ಒಡೆದ ತಕ್ಷಣ ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸೋ ಕಿಣ್ವಗಳು) ಬಿಡುಗಡೆ ಆಗಿ ಪೆಪ್ಟೈಡ್ ಜೊತೆಗೆ ಆಕ್ಟಿನ್ನು ಹಿಮೋಸಯನಿನ್ನು ಅಂತ ಕೈಗೆ ಸಿಕ್ಕಿದ ಪ್ರೋಟೀನನ್ನೆಲ್ಲಾ ಕೊಚ್ಚಿ ಹಾಕ್ತವೆ, ನೀನು ನೋಡಿದ ಬೇಲಿ ಇದೇ, ಪ್ರೋಟೀನ್ ಚೂರುಗಳ ಬೇಲಿ. ನ್ಯೂಟ್ರಲ್ ಪಿಎಚ್ ಫಾಸ್ಫೇಟ್ ಬಫರಲ್ಲಿ ಅರೆಯೋದು ಅಂದ್ರೆ ಆ ಕಿಣ್ವಗಳಿಗೆ ಎಲೆ ಹಾಕಿ ಊಟಕ್ಕೆ ಕರೆದಂಗೆ. ಬಸ್ಸಲ್ಲಿ ಸತ್ತ ಏಡಿ ಅಂತೂ ಸಾರಿಗೂ ಬೇಡ, ಪೆಪ್ಟೈಡಿಗೂ ಬೇಡ.

ಈ ಸಲ ಹಿಂಗೆ ಮಾಡು. ಏಡಿನ ಜೀವಂತ ಐಸಲ್ಲಿ ಹುದುಗಿಸಿ 20–30 ನಿಮಿಷ ಇಡು, ಕಾಲು ಆಡಿಸೋದು ನಿಲ್ಲಿಸೋ ತನಕ. ಒಂದು ಸಲಕ್ಕೆ ಒಂದೇ ಏಡಿ. ಮುಂಚೆನೇ ಟ್ಯೂಬಲ್ಲಿ ಆಸಿಡ್ ಮೆಥನಾಲ್ ಹಾಕಿ ಐಸ್ ಮೇಲೆ ಇಟ್ಟಿರು, ಮೆಥನಾಲ್ 90 ಭಾಗ, ಗ್ಲೇಸಿಯಲ್ ಅಸೆಟಿಕ್ ಆಸಿಡ್ 9, ನೀರು 1. ಅಂಗಾಂಶ ಬಿಚ್ಚಿದ ತಕ್ಷಣ ನೇರ ಅದರೊಳಗೆ. ದೊಡ್ಡ ಪ್ರೋಟೀನೆಲ್ಲಾ ಅಲ್ಲೇ ಗರಣೆ ಕಟ್ಟಿ ಕೂರುತ್ತೆ, ಕಿಣ್ವ ಸುಮ್ಮನಾಗುತ್ತೆ, ಸಣ್ಣ ಪೆಪ್ಟೈಡ್ ಕರಗಿ ಮೇಲೆ ಉಳಿಯುತ್ತೆ. ಸಣ್ಣ ಗಾಜಿನ ಹೋಮೋಜನೈಸರಲ್ಲಿ ಐಸ್ ಮೇಲೇ ಅರಿ, ಒರಳು ಕುಟ್ಟಾಣಿ ಬೇಡಪ್ಪಾ. ಸ್ಪಿನ್ ಮಾಡಿ ಮೇಲಿಂದು ತಗೊಂಡು ಕೆಳಗಿನ ಗಷ್ಟಿಗೆ ಇನ್ನೊಂದು ಸಲ ಅದೇ ದ್ರಾವಣ ಹಾಕಿ ತೊಳಿ, ಎರಡೂ ಸೇರಿಸಿ ಒಣಗಿಸು. ಒಣಗಿದ್ದನ್ನ ಮತ್ತೆ ಕರಗಿಸುವಾಗ 0.1 ಪರ್ಸೆಂಟ್ ಫಾರ್ಮಿಕ್ ಆಸಿಡ್ ಬಳಸು. ಟ್ಯೂಬು ಲೋ-ಬೈಂಡ್ ಸಿಕ್ಕಿದ್ರೆ ಅದನ್ನೇ ತರಿಸು, ಇಷ್ಟು ಕಡಿಮೆ ಪ್ರಮಾಣದಲ್ಲಿ ಪೆಪ್ಟೈಡ್ ಪ್ಲಾಸ್ಟಿಕ್ ಗೋಡೆಗೇ ಅಂಟ್ಕೊಂಡು ಮಾಯ ಆಗುತ್ತೆ.

ಸಲೈನ್ ವಿಷಯ. ಆ 440 ಮಿಲಿಮೋಲಾರ್ ರೆಸಿಪಿ ಸಮುದ್ರದ ಏಡಿಗೆ. ನಮ್ಮ ಗದ್ದೆ ಏಡಿ ರಕ್ತ ಅಷ್ಟು ಉಪ್ಪಿರಲ್ಲ, ಅದರಲ್ಲಿ ಹಾಕಿದ್ರೆ ನರ ನೀರು ಬಿಟ್ಟು ಮುದುಡ್ಕೊಳ್ಳುತ್ತೆ. ಸಿಹಿನೀರಿನ ಕ್ರೇಫಿಶ್‌ಗೆ ಬಳಸೋ ವ್ಯಾನ್ ಹ್ಯಾರೆವೆಲ್ಡ್ ಸಲೈನ್ ಇದೆ ನೋಡು, ಸೋಡಿಯಂ ಕ್ಲೋರೈಡ್ 205, ಪೊಟ್ಯಾಸಿಯಂ 5.4, ಕ್ಯಾಲ್ಸಿಯಂ 13.5, ಮೆಗ್ನೀಸಿಯಂ 2.6 ಮಿಲಿಮೋಲಾರ್, ಅದು ಹತ್ತಿರ ಬರುತ್ತೆ.

ಮೆದುಳಿಗಿಂತ ಮೊದಲು ಕಣ್ಣಿಗೆ ಹೋಗು. ಕಣ್ಣಿನ ದಂಟೊಳಗೆ ಸೈನಸ್ ಗ್ರಂಥಿ ಅಂತಿದೆ, ಅಲ್ಲೇ ಇರೋ ಎಕ್ಸ್-ಆರ್ಗನ್ (ಹಾರ್ಮೋನ್ ತಯಾರಿಸೋ ನರಕೋಶಗಳ ಗುಂಪು) ಕೋಶಗಳ ತುದಿಗಳೆಲ್ಲಾ ಬಂದು ಸೇರೋ ಗೋಡೌನು ಅದು. ಚಿಪ್ಪು ಸೀಳಿ ಪಕ್ಕದಿಂದ ಲೈಟ್ ಬಿಟ್ರೆ ಹಾಲಿಗೆ ಸ್ವಲ್ಪ ನೀಲಿ ಬೆರೆಸಿದಂಗೆ ಮಿನುಗುತ್ತೆ, ಒಂದು ಸಲ ನೋಡಿದ್ರೆ ಆಮೇಲೆ ತಪ್ಪಲ್ಲ. ರಕ್ತದ ಸಕ್ಕರೆ ಏರಿಸೋ ಸಿಎಚ್ಎಚ್, ಪೊರೆ ಬಿಡೋದನ್ನ ತಡೆಯೋ ಎಂಐಎಚ್, ಬಣ್ಣ ಬದಲಿಸೋ ಆರ್‌ಪಿಸಿಎಚ್ಚು ಪಿಡಿಎಚ್ಚು, ಎಲ್ಲಾ ಅಲ್ಲೇ ಕಿಕ್ಕಿರಿದು ತುಂಬಿರುತ್ತೆ. ಮೆದುಳಲ್ಲಿ ಹತ್ತಾರು ಬಗೆ ಇದೆ ನಿಜ, ಆದ್ರೆ ಒಂದೊಂದೂ ಚಿಟಿಕೆ ಚಿಟಿಕೆ. ಹೊಸಬರಿಗೆ ಸೈನಸ್ ಗ್ರಂಥಿನೇ ದಾರಿ.

14 ಏಡಿ ಸಾಲಲ್ವೇನೋ ಅಂತ ಹೆದರ್ಬೇಡ. 1975ರಲ್ಲಿ ಸ್ಟಾರಟ್, ಬ್ರೌನ್ ಅನ್ನೋ ಇಬ್ಬರು ಪ್ರೋಕ್ಟೋಲಿನ್ ಪತ್ತೆ ಮಾಡೋಕೆ 1,25,000 ಜಿರಳೆ ಅರೆದು ಸಿಕ್ಕಿದ್ದು 180 ಮೈಕ್ರೋಗ್ರಾಂ. ಐದೇ ಅಮೈನೋ ಆಮ್ಲದ ಪೆಪ್ಟೈಡ್ ಅದು, ಏಡಿಯಲ್ಲೂ ಇದೆ. ಈಗಿನ ಮಿಷಿನ್‌ಗೆ ಒಂದೇ ಸೈನಸ್ ಗ್ರಂಥಿ ಸಾಕು.

ಕೊಪ್ಪದ_ಕಾಫಿ

ಎಂತ ಮಾರಾಯ್ರೆ, ನಾವು ಏಡಿ ಸಾರು ಮಾಡಿ ಕಡುಬಿನ ಜೊತೆ ಹೊಡೀತೀವಿ, ನೀವು ಅದರ ಕಣ್ಣಲ್ಲಿ ಗೋಡೌನ್ ಹುಡುಕ್ತಿದೀರ. ನಂಗೆ ಸೈನ್ಸು ಅರ್ಥ ಆಗ್ಲಿಕ್ಕಿಲ್ಲ, ಏಡಿ ಮಾತ್ರ ಸಣ್ಣವನಿದ್ದಾಗಿಂದ ಗೊತ್ತು, ಅದಕ್ಕೆ ಎರಡು ಮಾತು.

ಬಕೆಟಲ್ಲಿ ನೀರು ತುಂಬಿಸಿ 14 ಏಡಿ ಹಾಕಿದ್ರೆ ಸಾಯದೆ ಇನ್ನೆಂತ ಮಾಡ್ತವೆ? ಒಂದಕ್ಕೊಂದು ಕಾಲು ಮುರ್ಕೊಳ್ತವೆ, ನೀರಲ್ಲಿ ಗಾಳಿನೂ ಖಾಲಿ ಆಗ್ತದೆ. ಒದ್ದೆ ಗೋಣಿಚೀಲ, ಒಳಗೆ ಒಂದಿಷ್ಟು ಹಸಿ ಹುಲ್ಲೋ ಕೆಸುವಿನ ಎಲೆಯೋ ಹಾಕಿ ತನ್ನಿ, ಎರಡು ದಿನಕ್ಕೂ ಏನೂ ಆಗಲ್ಲ. ಇನ್ನೊಂದು, ತೋಟದ ಕೆಳಗಿನ ಗದ್ದೆ ಆದ್ರೆ ಮೇಲೆ ಯಾವಾಗ ಸ್ಪ್ರೇ ಮಾಡಿದಾರೆ ಅಂತ ಮಾವನ್ನ ಕೇಳಿ. ಮಳೆ ಹಿಡಿಯೋ ಮುಂಚೆ ಎಲ್ರೂ ಬೋರ್ಡೋ ಹೊಡೀತಾರೆ, ಮೈಲುತುತ್ತು ಸುಣ್ಣದ ನೀರು, ಅದು ತೊಳೆದು ಚರಂಡಿಗೇ ಬರೋದು. ಮೈ ಮೆತ್ತಗಿರೋ ಏಡಿ ಈಗಷ್ಟೇ ಪೊರೆ ಬಿಟ್ಟಿರ್ತದೆ, ಅದನ್ನ ಬೇರೆ ಇಡಿ, ಎಲ್ಲಾ ಒಟ್ಟಿಗೆ ಕಲಸಬೇಡಿ.

ಮತ್ತೆ ಭದ್ರಾ ಕಡೆಯೋ ಕುದುರೆಮುಖ ಕಡೆಯೋ ಕಾಡೊಳಗೆ ನುಗ್ಗಿ ಹಿಡಿಯೋಕೆ ಹೋಗಬೇಡಿ ಆಯ್ತಾ, ಫಾರೆಸ್ಟಿನವ್ರು ಪರ್ಮಿಷನ್ ಕೇಳ್ತಾರೆ, ಪ್ರಾಜೆಕ್ಟು ಅಂದ್ರೂ ಬಿಡಲ್ಲ. ಗದ್ದೆದೇ ಸಾಕು.

ಮೂಡಿಗೆರೆ_ಮಳೆ

@ಕೊಪ್ಪದ_ಕಾಫಿ ನಿಮಗೆ ಸೈನ್ಸ್ ಅರ್ಥ ಆಗಲ್ಲ ಅಂದಿದ್ಯಾರು ಸ್ವಾಮಿ. ಏಡಿಗೆ ಸ್ಟ್ರೆಸ್ ಆದ್ರೆ, ಅಂದ್ರೆ ಗಾಳಿ ಸಾಲದಿದ್ರೆ, ಸೆಕೆ ಆದ್ರೆ, ತಾಮ್ರದಂಥ ಲೋಹ ತಾಗಿದ್ರೆ ಸಿಎಚ್ಎಚ್ ರಕ್ತಕ್ಕೆ ಸುರಿದುಬಿಡುತ್ತೆ, ಗ್ರಂಥಿ ಖಾಲಿ ಹೊಡೆಯುತ್ತೆ. ಬಕೆಟ್ ಬಸ್ ಪ್ರಯಾಣ ಮುಗಿಸಿದ ಏಡಿಯಲ್ಲಿ ಏನು ಉಳಿದಿತ್ತೋ ದೇವರಿಗೇ ಗೊತ್ತು. ತಂದ ಮೇಲೆ ಎರಡು ಮೂರು ದಿನ ಟಬ್ಬಲ್ಲಿ ಸುಧಾರಿಸ್ಕೊಳ್ಳೋಕೆ ಬಿಡ್ಬೇಕು.

ಪೀಕ್_ನೋಡೋನು, ಬೆಂಗಳೂರು (ಊರು ಅರಸೀಕೆರೆ)

ಮಾಸ್ ಸ್ಪೆಕ್ ಮುಂದೆ ಕೂರೋದೇ ನನ್ನ ಕೆಲಸ, ಹಿಂಗೆ ಫ್ಲಾಸ್ಕ್ ಹಿಡ್ಕೊಂಡು ಬರೋ ಹುಡುಗರನ್ನ ವಾರಕ್ಕೊಬ್ಬರನ್ನಾದ್ರೂ ನೋಡ್ತೀನಿ, ಅದಕ್ಕೇ ಉದ್ದ ಬರೀತಿದೀನಿ ಬೇಜಾರ್ ಮಾಡ್ಕೋಬೇಡಿ.

1517 ಪೀಕು ಬರೀಬೋದಾ ಅಂದ್ರೆ, ಬೇಡ. ಆರ್ಕೋಕೈನಿನ್ 13 ಅಮೈನೋ ಆಮ್ಲದ್ದು, ಪ್ರೋಟಾನ್ ಸೇರಿ 1517.66ಕ್ಕೆ ಬರಬೇಕು. ನಿಮ್ಮದು ಅಲ್ಲೇ ಇದ್ರೂ, ಆ ಬೇಲೀಲಿ ಯಾವ್ದೋ ಆಕ್ಟಿನ್ ಚೂರು ಅಲ್ಲೇ ಕೂತಿರಬೋದಲ್ವಾ? ತೂಕ ಒಂದೇ ಅಂತ ಇಬ್ಬರೂ ಒಬ್ಬನೇ ಅನ್ನೋಕಾಗಲ್ಲ. ಆ ಪೀಕನ್ನ ಬೇರೆ ಮಾಡಿ ಒಡೆದು ಅಂದ್ರೆ ಎಂಎಸ್ಎಂಎಸ್ ಮಾಡಿ, ಬಿ ಸಾಲು (ತಲೆ ಕಡೆಯ ಚೂರುಗಳು) ವೈ ಸಾಲು (ಬಾಲದ ಕಡೆಯವು) ಎರಡೂ ಕಡೆಯಿಂದ ಅಕ್ಷರ, ಅಂದ್ರೆ ಅಮೈನೋ ಆಮ್ಲ, ಕೂಡ್ಕೊಂಡು ಬಂದ್ರೆ ಮಾತ್ರ ಗುರುತಿಸಿದಂಗೆ. ಅಲ್ಲಿವರೆಗೂ "1517ರಲ್ಲಿ ಒಂದು ಪೀಕ್ ಕಂಡಿತು" ಅಂತಷ್ಟೇ ಬರೀರಿ. ಅದರಲ್ಲೂ ಲ್ಯೂಸಿನ್ನು ಐಸೋಲ್ಯೂಸಿನ್ನು ಎರಡೂ 113.084, ಸಾಮಾನ್ಯ ಎಂಎಸ್ಎಂಎಸ್‌ಗೆ ಅದು ಬೇರೆ ಕಾಣಲ್ಲ.

ಇನ್ನೊಂದು ಎಲ್ರೂ ಬೀಳೋ ಗುಂಡಿ, ಬಾಲದ ಅಮೈಡ್. ಏಡಿ ನ್ಯೂರೋಪೆಪ್ಟೈಡ್ ಬಹಳಷ್ಟಕ್ಕೆ ಕೊನೇಲಿ ಆಮ್ಲದ ಬದಲು ಅಮೈಡ್ ಇರುತ್ತೆ, ತೂಕ 0.984 ಕಡಿಮೆ. ಐಸೋಟೋಪ್ ಗೊಂಚಲಲ್ಲಿ (ಒಂದೇ ಅಣುವಿಗೆ ಒಂದೊಂದು ಡಾಲ್ಟನ್ ಅಂತರದಲ್ಲಿ ಬರೋ ಪೀಕುಗಳು) ಮೊದಲ ಪೀಕು ಯಾವುದು ಅಂತ ಸರಿಯಾಗಿ ನೋಡದಿದ್ರೆ ಒಂದು ಡಾಲ್ಟನ್ ಆಕಡೆ ಈಕಡೆ ಆಗಿ ಕಥೆ ಉಲ್ಟಾ ಹೊಡೆಯುತ್ತೆ. ಅದೇ ಥರ ಮೊದಲ ಅಕ್ಷರ ಗ್ಲುಟಮಿನ್ ಆಗಿದ್ರೆ ಅದು ಮಡಚ್ಕೊಂಡು ಪೈರೋಗ್ಲುಟಮಿಕ್ ಆಗಿ 17.027 ಕಳ್ಕೊಂಡಿರುತ್ತೆ.

ಆರ್‌ಪಿಸಿಎಚ್ ಹುಡುಕ್ತೀರಾದ್ರೆ ಒಂದು ಗುಟ್ಟು. ಎಂಟು ಅಮೈನೋ ಆಮ್ಲ, 1972ರಲ್ಲಿ ಫರ್ನ್‌ಲುಂಡ್, ಯೋಸೆಫ್ಸನ್ ಅನ್ನೋರು ಉತ್ತರ ಸಮುದ್ರಗಳ ಪ್ಯಾಂಡಲಸ್ ಸೀಗಡಿ ಕಣ್ಣಿನ ದಂಟಿಂದ ಬಿಡಿಸಿದ್ದು. 930.45ರಲ್ಲಿ ಸಿಗ್ಬೇಕು ಅಂತ ಎಲ್ರೂ ಅಲ್ಲೇ ಕಣ್ಣು ನೆಟ್ಟು ಕೂರ್ತಾರೆ, ಆದ್ರೆ ಇದರಲ್ಲಿ ಪ್ರೋಟಾನ್ ಹಿಡ್ಕೊಳ್ಳೋಕೆ ಆರ್ಜಿನೀನೂ ಇಲ್ಲ ಲೈಸಿನೂ ಇಲ್ಲ, ತಲೆ ಮುಚ್ಚಿದೆ ಬಾಲನೂ ಮುಚ್ಚಿದೆ, ಅದಕ್ಕೆ ಸೋಡಿಯಂ ಹಿಡ್ಕೊಂಡು 952.43ರಲ್ಲಿ ಬರುತ್ತೆ. ಅಲ್ಲಿ ನೋಡಿ. ಬೀಟಾ ಪಿಡಿಎಚ್ 18ರದ್ದು, 1927.03, ಅದರೊಳಗೆ ಒಂದು ಮೆಥಿಯೋನಿನ್ ಇರೋದ್ರಿಂದ ಗಾಳಿ ತಾಗಿದ್ರೆ 16 ಜಾಸ್ತಿಯಾಗಿ 1943.03ಕ್ಕೂ ಒಂದು ಜೊತೆ ಕಾಣಬೋದು. ಸಿಸಿಎಪಿ ಅಂತ ಹೃದಯದ ಮೇಲೆ ಕೆಲಸ ಮಾಡೋ ಪೆಪ್ಟೈಡ್ ಒಂಬತ್ತರದ್ದು, 1987ರಲ್ಲಿ ಕಡಲ ಏಡಿಯ ಹೃದಯದ ಸುತ್ತಲಿನ ಪೆರಿಕಾರ್ಡಿಯಲ್ ಅಂಗದಿಂದ ಸಿಕ್ಕಿದ್ದು, ಒಳಗೆ ಎರಡು ಸಿಸ್ಟೀನ್ ಕೈ ಹಿಡ್ಕೊಂಡು ಉಂಗುರ ಆಗಿರುತ್ತೆ, 956.37. ಇದನ್ನ ಖಾತ್ರಿ ಮಾಡ್ಕೊಳ್ಳೋದು ಸುಲಭ, ಡಿಟಿಟಿ (ಸಿಸ್ಟೀನ್ ಬಂಧ ಬಿಡಿಸೋ ರಾಸಾಯನಿಕ) ಹಾಕಿ ಉಂಗುರ ಬಿಚ್ಚಿ, ಪೀಕು ಎರಡು ಮುಂದೆ ಓಡಿ 958.39ಕ್ಕೆ ಹೋಗ್ಬೇಕು. ಹೋಗಲಿಲ್ವಾ, ಅದು ಸಿಸಿಎಪಿ ಅಲ್ಲ. ಸಿಎಚ್ಎಚ್ ಮಾತ್ರ ದೊಡ್ಡಣ್ಣ, 72 ಅಮೈನೋ ಆಮ್ಲದ ಆಸುಪಾಸು, ಎಂಟೂವರೆ ಸಾವಿರ ಡಾಲ್ಟನ್, ಮೂರು ಡೈಸಲ್ಫೈಡ್ ಗಂಟು. ಅದನ್ನ ಮಾಲ್ಡಿಯ ಲೀನಿಯರ್ ಮೋಡಲ್ಲಿ ನೋಡ್ಬೇಕು. ಗಂಟು ಬಿಚ್ಚಿ ಅಯಡೋಅಸಿಟಮೈಡ್ (ಬಿಚ್ಚಿದ ಸಿಸ್ಟೀನಿಗೆ ಅಂಟೋ ರಾಸಾಯನಿಕ) ಹಾಕಿದ್ರೆ ಆರು ಸಿಸ್ಟೀನಿಗೂ ಸೇರಿ ಸುಮಾರು 348 ಏರುತ್ತೆ, ಅದೇ ಅದರ ಸಹಿ.

ಪ್ರೋಟೀನ್ ತುಂಡು ಮಾಡೋ ಕಿಣ್ವ ಟ್ರಿಪ್ಸಿನ್ ಹಾಕ್ಬೇಕಾ ಅಂತ ಕೇಳ್ತೀರ ಆಮೇಲೆ, ಸಣ್ಣ ಪೆಪ್ಟೈಡಿಗೆ ಬೇಡ. ಅವು ಹುಟ್ಟಿದ ರೂಪದಲ್ಲೇ ಬೇಕು.

ಉಪ್ಪು ತೆಗೀದೆ ನಮ್ಮ ಹತ್ರ ತರಬೇಡಿ. ಸಿ18 ತುದಿ ಇರೋ ಪಿಪೆಟ್ ಟಿಪ್ ಸಿಗುತ್ತೆ, ಅದರಲ್ಲಿ ಹಿಡಿಸಿ 0.1 ಪರ್ಸೆಂಟ್ ಆಸಿಡಲ್ಲಿ ತೊಳೆದು 50 ಪರ್ಸೆಂಟ್ ಅಸಿಟೋನೈಟ್ರೈಲಲ್ಲಿ ಇಳಿಸಿ. ಜೊತೆಗೆ ಎರಡು ಟ್ಯೂಬು ಜಾಸ್ತಿ ತನ್ನಿ, ಒಂದು ಬರೀ ದ್ರಾವಣದ ಬ್ಲ್ಯಾಂಕು, ಇನ್ನೊಂದು ಅದೇ ಏಡಿಯ ಕಾಲಿನ ಮಾಂಸವನ್ನ ಅದೇ ಥರ ತೆಗೆದಿದ್ದು. ಮಾಂಸದಲ್ಲೂ ಇರೋ ಪೀಕು ನ್ಯೂರೋಪೆಪ್ಟೈಡ್ ಆಗಿರೋಕೆ ಚಾನ್ಸು ಕಮ್ಮಿ. ಈ ಒಂದು ಟ್ಯೂಬ್ ತರೋರು ಹತ್ತರಲ್ಲಿ ಒಬ್ಬರೂ ಇಲ್ಲ.

ಹಳ್ಳದ_ಏಡಿ, ಹಾಸನ

ಅಯ್ಯೋ ಎಲ್ರಿಗೂ ಥ್ಯಾಂಕ್ಸ್, ಪ್ರಿಂಟ್ ತೆಗೆದು ಲ್ಯಾಬ್ ಗೋಡೆಗೆ ಅಂಟಿಸಿದೀನಿ. ಇನ್ನೂ ಎರಡು ಡೌಟು. ಒಂದು, ನಮ್ಮಲ್ಲಿ ಮೈನಸ್ 80 ಫ್ರೀಜರ್ ಇಲ್ಲ, ಲಿಕ್ವಿಡ್ ನೈಟ್ರೋಜನ್ನೂ ಇಲ್ಲ. ಎರಡು, ಒಬ್ಬ ಸೀನಿಯರ್ ಹೇಳಿದ್ರು ಅಂಗಾಂಶನ ತೆಗೆದ ತಕ್ಷಣ ಕುದಿಯೋ ನೀರಲ್ಲಿ ಹಾಕು, ಕಿಣ್ವ ಸತ್ತೋಗುತ್ತೆ, ಮೆಥನಾಲ್ ಯಾಕೆ ಅಂತ. ಯಾವ್ದು ಸರಿ?

ಮೂಡಿಗೆರೆ_ಮಳೆ

ಸೀನಿಯರ್ ಹೇಳಿದ್ದು ತಪ್ಪಲ್ಲ. ಬಿಸಿ ಕೊಟ್ಟು ಕಿಣ್ವ ಕೊಲ್ಲೋದು ಒಳ್ಳೇ ದಾರಿನೇ, ಎಷ್ಟೋ ಲ್ಯಾಬಲ್ಲಿ ಮಾಡ್ತಾರೆ. ಮೆಥನಾಲೇನೂ ಗಂಗಾಜಲ ಅಲ್ಲ. ಅಮೆರಿಕದ ಲಾಬ್‌ಸ್ಟರಲ್ಲಿ ಬಾಲ ತುಂಡಾದ ಆರ್ಕೋಕೈನಿನ್ ಒಂದು ಮೀಥೈಲ್ ಟೋಪಿ ಹಾಕ್ಕೊಂಡು ಸಿಕ್ತಿತ್ತು, ಹೊಸ ಪೆಪ್ಟೈಡ್ ಅನ್ಕೊಂಡಿದ್ರು. 2013ರಲ್ಲಿ ಅದೇ ಗುಂಪಿನವ್ರೇ ನೋಡಿದ್ರೆ ಅದು ಪ್ರಾಣಿಯೊಳಗೆ ಇರಲೇ ಇಲ್ಲ, ಅಂಗಾಂಶದ ಕಿಣ್ವಾನೇ ಮೆಥನಾಲ್ ಬಳಸ್ಕೊಂಡು ಮಾಡಿದ ಕಿತಾಪತಿ. ಅಂದ್ರೆ ನಾವು ಹಾಕಿದ ದ್ರಾವಣನೇ ನಮಗೆ ಹೊಸ ಅಣು ತಯಾರಿಸಿ ಕೊಟ್ಟಿತ್ತು. ತಪ್ಪನ್ನ ತಾವೇ ಪೇಪರ್ ಬರೆದು ಒಪ್ಕೊಂಡ್ರಲ್ಲ, ಅದಕ್ಕೆ ನಂಗೆ ಅವರ ಮೇಲೆ ಗೌರವ. ಹಾಗಾಗಿ 14.016 ಜಾಸ್ತಿ ಇರೋ ಜೋಡಿ ಪೀಕ್ ಕಂಡ್ರೆ ಕುಣಿಬೇಡ, ಮೊದಲು ಅನುಮಾನ ಪಡು. ಕೈಲಾದ್ರೆ ಎರಡು ಏಡಿನ ಬಿಸಿ ದಾರೀಲಿ, ಉಳಿದದ್ದನ್ನ ಮೆಥನಾಲ್ ದಾರೀಲಿ ಮಾಡು, ಎರಡರಲ್ಲೂ ಬಂದ ಪೀಕನ್ನ ನಂಬು. ಬರೀ ಒಂದು ನಿಮಿಷ ಬಿಸಿ ಸಾಕು, ಆಸಿಡಲ್ಲಿ ಹಾಕಿ ಕುದಿಸ್ತಾ ಕೂರ್ಬೇಡ, ಆಸ್ಪಾರ್ಟಿಕ್ ಆದ್ಮೇಲೆ ಪ್ರೋಲೀನ್ ಬರೋ ಜಾಗದಲ್ಲಿ ಸರಪಳಿ ತುಂಡಾಗುತ್ತೆ.

ಲಿಕ್ವಿಡ್ ನೈಟ್ರೋಜನ್ ಇಲ್ಲ ಅಂತೀಯಲ್ಲ, ಹಾಸನದಲ್ಲಿ ಕೂತ್ಕೊಂಡು! ಹಸುಗಳಿಗೆ ಕೃತಕ ಗರ್ಭಧಾರಣೆಗೆ ವೀರ್ಯದ ಸ್ಟ್ರಾ ಇಡೋದು ಯಾವುದರಲ್ಲಿ ಅನ್ಕೊಂಡಿದೀಯ? ವೆಟರ್ನರಿ ಕಾಲೇಜು ನಿಮ್ಮೂರಲ್ಲೇ ಇದೆ. ಗೈಡ್ ಹತ್ರ ಲೆಟರ್ ಬರೆಸ್ಕೊಂಡು ಹೋಗಿ ಒಂದು ಲೀಟರ್ ಕೇಳು. ಹಾಂ, ಮುಚ್ಚಳ ಬಿಗಿಯೋ ಫ್ಲಾಸ್ಕಲ್ಲಿ ತುಂಬಿಸ್ಕೊಂಡು ಬರಬೇಡ ಮತ್ತೆ, ಸಿಡಿಯುತ್ತೆ, ಅವರದ್ದೇ ಕ್ಯಾನ್ ಕೇಳು.

ಹಾಸನದಲ್ಲೇ ಮಾಡೋಕೆ ಏನಿದೆ ಅಂದಿದ್ಯಲ್ಲ. ಮಾಸ್ ಸ್ಪೆಕ್ ಹುಟ್ಟೋ ಮುಂಚೆ ಜನ ಇದನ್ನ ಹೆಂಗೆ ಹುಡುಕಿದ್ರು ಗೊತ್ತಾ? 1928ರಲ್ಲಿ ಪರ್ಕಿನ್ಸ್ ಅನ್ನೋನು ಕಣ್ಣಿನ ದಂಟು ಕತ್ತರಿಸಿದ ಸೀಗಡಿ ಕಪ್ಪಾಗೋದನ್ನ, ದಂಟಿನ ರಸ ಚುಚ್ಚಿದ್ರೆ ಮತ್ತೆ ತಿಳಿಯಾಗೋದನ್ನ ನೋಡಿದ. 1944ರಲ್ಲಿ ಅಬ್ರಮೊವಿಟ್ಜ್ ಮತ್ತೆ ಸಂಗಡಿಗರು ಏಡಿಗೆ ಅದೇ ರಸ ಕೊಟ್ಟು ರಕ್ತದ ಸಕ್ಕರೆ ಏರೋದನ್ನ ತೋರಿಸಿದ್ರು. ಸಿಎಚ್ಎಚ್ ಕಥೆ ಶುರುವಾಗಿದ್ದೇ ಅಲ್ಲಿಂದ, ಅದರ ಅಕ್ಷರ ಓದೋಕೆ 1989 ಬರಬೇಕಾಯ್ತು. ನೀನೂ ಅದನ್ನೇ ಮಾಡು. ಕಣ್ಣಿನ ದಂಟಿನ ರಸ ಒಣಗಿಸಿ ಸಲೈನಲ್ಲಿ ಕರಗಿಸಿ (ಮೆಥನಾಲ್ ಪೂರ್ತಿ ಹೋಗಿರ್ಬೇಕು, ಇಲ್ಲಾಂದ್ರೆ ಏಡಿ ಹೋಗುತ್ತೆ) ಇನ್ಸುಲಿನ್ ಸಿರಿಂಜಲ್ಲಿ ಕಾಲಿನ ಬುಡದ ಮೆತ್ತನೆ ಕೀಲಲ್ಲಿ ಕೊಡು, ಎರಡು ಗಂಟೆ ಬಿಟ್ಟು ರಕ್ತ ತೆಗೆದು ಗ್ಲೂಕೋಸ್ ಆಕ್ಸಿಡೇಸ್ ಕಿಟ್ಟಲ್ಲಿ ಕಲರಿಮೀಟರಲ್ಲಿ ನೋಡು. ಮನೇಲಿ ಅಜ್ಜಿ ಬಳಸೋ ಗ್ಲೂಕೋಮೀಟರ್ ತರಬೇಡ, ಅದರ ಲೆಕ್ಕ ಮನುಷ್ಯನ ಕೆಂಪು ರಕ್ತಕಣಕ್ಕೆ ಹೊಂದಿಸಿದ್ದು. ಒಂದು ಗುಂಪಿಗೆ ಬರೀ ಸಲೈನ್, ಇನ್ನೊಂದಕ್ಕೆ ಮಾಂಸದ ರಸ, ಯಾಕಂದ್ರೆ ಕೈಯಲ್ಲಿ ಹಿಡಿದು ಚುಚ್ಚಿದ್ರೂ ಸಾಕು ಏಡಿಗೆ ಸಕ್ಕರೆ ಏರುತ್ತೆ.

ಕೊಪ್ಪದ_ಕಾಫಿ

ಏಡಿಗೂ ಶುಗರ್ರಾ? ಮುಗೀತು ಕಥೆ 😀 ನಮ್ಮನೇಲಿ ಮೂರು ಜನಕ್ಕಿದೆ, ನಾಲ್ಕನೇದು ಸಾರಲ್ಲಿ.

ಹಳ್ಳದ_ಏಡಿ, ಹಾಸನ

ಅಪ್‌ಡೇಟ್, ಸ್ವಲ್ಪ ಲೇಟಾಯ್ತು ಇಂಟರ್ನಲ್ಸ್ ಇತ್ತು.

ಗೋಣಿಚೀಲ ಟ್ರಿಕ್ ಸೂಪರ್, 20 ತಂದೆ 20ಕ್ಕೂ ಜೀವ ಇತ್ತು. ಕಂಡಕ್ಟರ್ ಚೀಲದೊಳಗೆ ಏನೋ ಆಡ್ತಿದೆ ಅಂತ ಲಗೇಜ್ ಟಿಕೆಟ್ ಹರಿದ. ಸೈನಸ್ ಗ್ರಂಥಿ ಮೊದಲ ನಾಲ್ಕು ಕಣ್ಣಲ್ಲಿ ಸಿಗಲೇ ಇಲ್ಲ, ಕೊಬ್ಬನ್ನೇ ಗ್ರಂಥಿ ಅನ್ಕೊಂಡು ಕಿತ್ತಿದೀನಿ ಅನ್ಸುತ್ತೆ, ಐದನೇದ್ರಲ್ಲಿ ಲೈಟ್ ಪಕ್ಕಕ್ಕೆ ತಿರುಗಿಸಿದಾಗ ಹೊಳೀತು ನೋಡಿ, ಗೈಡನ್ನ ಕೂಗಿ ಕರೆದು ತೋರಿಸ್ದೆ, ಅವರೂ ಐದು ನಿಮಿಷ ಮೈಕ್ರೋಸ್ಕೋಪ್ ಬಿಡಲಿಲ್ಲ. ನೈಟ್ರೋಜನ್ ಲೆಟರ್‌ಗೆ ಸೈನೂ ಹಾಕಿದ್ರು.

ಸಕ್ಕರೆ ಪ್ರಯೋಗ ಗುಂಪಿಗೆ ನಾಲ್ಕರಂತೆ ಮಾಡ್ದೆ. ಕಣ್ಣಿನ ರಸದ ನಾಲ್ಕರಲ್ಲಿ ಒಂದು ಚುಚ್ಚಿದ್ದಕ್ಕೇ ಸತ್ತೋಯ್ತು, ಉಳಿದ ಮೂರರಲ್ಲಿ ಸಲೈನ್ ಗುಂಪಿಗಿಂತ ಚೆನ್ನಾಗಿ ಏರಿದೆ. ಮಾಂಸದ ರಸದ ಗುಂಪಲ್ಲಿ ಒಂದು ಏಡಿ ಮಾತ್ರ ಯಾಕೋ ಅಷ್ಟೇ ಏರಿದೆ, ಅದು ಹಿಡಿದಾಗ ಕಚ್ಚೋಕೆ ಬಂದು ಗಲಾಟೆ ಮಾಡಿದ್ದು, ಅದಕ್ಕೇ ಇರ್ಬೇಕು. ಬಿಟ್ಟಾಕ್ದೆ ಲೆಕ್ಕದಲ್ಲಿ ಇಟ್ಕೊಂಡಿದೀನಿ.

ಮಾಲ್ಡಿ ನಿನ್ನೆ ಆಯ್ತು. ಬೇಲಿ ಇಲ್ಲ! ಮಾಂಸದ ಟ್ಯೂಬಲ್ಲಿ ಇಲ್ಲದ ಪೀಕು ಗ್ರಂಥಿಯದ್ರಲ್ಲಿ ಎಣಿಸಿದ್ರೆ ಹನ್ನೊಂದು ಇದೆ. 930ರಲ್ಲಿ ಏನೂ ಇಲ್ಲ, 952.43ರಲ್ಲಿ ದೊಡ್ಡದಾಗಿ ಕೂತಿದೆ. ಹೋದ ಸಲದ ಆ 1517 ಈ ಸಲ ಗ್ರಂಥಿಯಲ್ಲಿ ಇಲ್ಲ, ಮೆದುಳಿನ ಟ್ಯೂಬಲ್ಲಿ 1517.66ರಲ್ಲಿ ಇದೆ, ಬಿಸಿ ದಾರೀಲೂ ಬಂದಿದೆ ಮೆಥನಾಲ್ ದಾರೀಲೂ ಬಂದಿದೆ. ಇನ್ನೂ ಹೆಸರು ಬರೆದಿಲ್ಲ @ಪೀಕ್_ನೋಡೋನು ಅಣ್ಣ, ಬೈಬೇಡಿ. ಎರಡಕ್ಕೂ ಎಂಎಸ್ಎಂಎಸ್ ಸ್ಲಾಟ್ ಶುಕ್ರವಾರಕ್ಕೆ ಸಿಕ್ಕಿದೆ. ಸೋಡಿಯಂ ಹಿಡ್ಕೊಂಡಿರೋದನ್ನ ಒಡೆದ್ರೆ ಬಿ ವೈ ಸಾಲು ಸರಿಯಾಗಿ ಬರುತ್ತಾ, ಇಲ್ಲ ಬೇರೆ ಥರ ಮುರಿಯುತ್ತಾ?

ಪೀಕ್_ನೋಡೋನು, ಬೆಂಗಳೂರು (ಊರು ಅರಸೀಕೆರೆ)

ಬೇರೆ ಥರ ಮುರಿಯುತ್ತೆ, ಸೋಡಿಯಂ ಯಾವ ಚೂರಲ್ಲಿ ಕೂತಿದ್ಯೋ ಅದರ ತೂಕಕ್ಕೆಲ್ಲಾ 22 ಸೇರಿಸಿ ಓದ್ಬೇಕು, ಚೂರೂ ಕಮ್ಮಿ ಬರ್ತವೆ. ಅದಕ್ಕೇ ಆರ್‌ಪಿಸಿಎಚ್ ಸಿಂಥೆಟಿಕ್ ಒಂದು ಮಿಲಿಗ್ರಾಂ ಯಾರ ಹತ್ರಾನಾದ್ರೂ ಇದ್ರೆ ಇಸ್ಕೊಂಡು ಅದನ್ನೂ ಅದೇ ಸೆಟ್ಟಿಂಗಲ್ಲಿ ಒಡೆದು ಪಕ್ಕ ಪಕ್ಕ ಇಟ್ಟು ನೋಡಿ. 1517ರದ್ರೊಳಗೆ ಆರ್ಜಿನೀನ್ ಇದೆ, ಅದು ತೊಂದರೆ ಕೊಡಲ್ಲ, ಮೊದಲು ಅದನ್ನೇ ಮುಗಿಸಿ. ಮತ್ತೆ ಶುಕ್ರವಾರ ಬೆಳಿಗ್ಗೆ ಬೇಗ ಬನ್ನಿ, ಹನ್ನೊಂದಕ್ಕೆ ಮೇಲೆ ಕ್ಯೂ ಶುರುವಾಗುತ್ತೆ.

ಕೊಪ್ಪದ_ಕಾಫಿ

ಉಳಿದ ಏಡಿ ಎಂತ ಮಾಡಿದ್ರಿ?